ಟೋಕನ್ ಕೊಡುವ ಮುನ್ನ

ಬೆಂಗಳೂರಿನಲ್ಲಿ ಭಾನುವಾರವೆಂದರೆ ಮನೆ ನೋಡುವ ದಿನ. ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಮುಖಪುಟದ ಸುದ್ದಿ ಒಳಪುಟಕ್ಕೆ ಸರಿದು, ಅದರ ಜಾಗದಲ್ಲಿ ಈಜುಕೊಳ, ಹುಲ್ಲುಹಾಸು, ಮೂವತ್ತು ಅಂತಸ್ತಿನ ಗೋಪುರ ಬಂದು ಕೂತಿರುತ್ತವೆ. ಹತ್ತು ಗಂಟೆಯ ಹೊತ್ತಿಗೆ ಸರ್ಜಾಪುರ ರಸ್ತೆ, ಥಣಿಸಂದ್ರ, ಕನಕಪುರ ರಸ್ತೆಗಳಲ್ಲಿ ಕಾರುಗಳ ಸಾಲು. ಗಂಡ, ಹೆಂಡತಿ, ಮಗು, ಊರಿಂದ ಬಂದ ಅಪ್ಪ ಅಮ್ಮ ಎಲ್ಲರೂ ಚಪ್ಪಲಿ ಬಿಟ್ಟು ಮಾಡೆಲ್ ಫ್ಲ್ಯಾಟಿನೊಳಗೆ ಹೋಗುತ್ತಾರೆ. ಅಮ್ಮನಿಗೆ ಅಡುಗೆಮನೆ ಯಾವ ದಿಕ್ಕಿಗಿದೆ ಎಂಬ ಚಿಂತೆ, ಅಪ್ಪನಿಗೆ ನೀರು ಎಲ್ಲಿಂದ ಬರುತ್ತದೆ ಎಂಬ ಚಿಂತೆ, ಮಗನಿಗೆ ಇಎಂಐ ಚಿಂತೆ. ಸೇಲ್ಸ್ ಹುಡುಗನ ಬಳಿ ಮೂವರಿಗೂ ಒಂದೇ ಉತ್ತರವಿರುತ್ತದೆ: "ಸರ್, ಈ ರೇಟು ಇವತ್ತು ಸಂಜೆವರೆಗೆ ಮಾತ್ರ. ಇದೇ ಯೂನಿಟ್‌ಗೆ ಇನ್ನೊಂದು ಫ್ಯಾಮಿಲಿ ಚೆಕ್ ಹಿಡ್ಕೊಂಡು ಕೂತಿದೆ."

ಆ ಇನ್ನೊಂದು ಫ್ಯಾಮಿಲಿ ಕೆಲವೊಮ್ಮೆ ನಿಜವಾಗಿಯೂ ಇರುತ್ತದೆ. ಕೈಗೆಟಕುವ ಬೆಲೆಗೆ, ಕೆಲಸಕ್ಕೆ ಹೋಗಿಬರುವಷ್ಟು ದೂರದಲ್ಲಿ, ಕಾಗದಪತ್ರ ಸರಿಯಿರುವ ಮನೆ ಈ ಊರಿನಲ್ಲಿ ಅಪರೂಪ. ಕಟ್ಟಡಗಳಿಗೇನೂ ಕೊರತೆಯಿಲ್ಲ. ಸಾಲ ಕೊಡುವ ಬ್ಯಾಂಕು, ಖಾತಾ ಕೊಡುವ ಪಾಲಿಕೆ, ನಾಳೆ ಕೇಳಬಹುದಾದ ಕೋರ್ಟು, ಈ ಮೂರರ ಮುಂದೆಯೂ ನಿಲ್ಲುವ ಮನೆ ಮಾತ್ರ ಸಿಗುವುದಿಲ್ಲ. ಇದು ತಂತಾನೆ ಆದದ್ದಲ್ಲ. ಒಂದು ಕಾಲಕ್ಕೆ ಸರ್ಕಾರಿ ಕಚೇರಿ ಮಾಡುತ್ತಿದ್ದ ಪರಿಶೀಲನೆಯ ಕೆಲಸ ಮೆಲ್ಲಗೆ ಮನೆ ಕೊಳ್ಳುವವರ ಹೆಗಲಿಗೆ ಜಾರಿದೆ. ಸಂಜೆಯೊಳಗೆ ಟೋಕನ್ ಕೊಡಿ ಎನ್ನುವ ಆತುರ ಹೊಸಕಿಹಾಕುವುದು ಆ ಕೆಲಸವನ್ನೇ.

ಸರದಿ ಇದ್ದ ಕಾಲ

1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದರು. ಬಸವನಗುಡಿ, ಮಲ್ಲೇಶ್ವರ ಬೆಳೆದವು. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್, ಅಂದರೆ ಹಿರಿಯರು ಈಗಲೂ ಹೇಳುವ ಸಿಐಟಿಬಿ, ಹುಟ್ಟಿತು. ಜಯನಗರ, ರಾಜಾಜಿನಗರಗಳು ಅದರ ಕಾಲದವು. 1976ರಲ್ಲಿ ಅದರ ಜಾಗಕ್ಕೆ ಬಿಡಿಎ ಬಂತು. ಆಗ ಮಧ್ಯಮ ವರ್ಗದವರು ಮನೆ ಮಾಡಿಕೊಳ್ಳುವ ದಾರಿ ಬೇರೆಯೇ ಇತ್ತು. ಅರ್ಜಿ ಹಾಕುವುದು, ವರ್ಷಗಟ್ಟಲೆ ಕಾಯುವುದು, ಸಿಗದಿದ್ದರೆ ಮತ್ತೆ ಅರ್ಜಿ ಹಾಕುವುದು. ಕಾರ್ಖಾನೆ ನೌಕರರಿಗೆ ಗೃಹ ನಿರ್ಮಾಣ ಸಹಕಾರ ಸಂಘಗಳಿದ್ದವು. ಮೂವತ್ತು–ನಲವತ್ತರ ಸೈಟು ಹಂಚಿಕೆಯಾದ ದಿನ ಮನೆಯಲ್ಲಿ ಪಾಯಸ. ಆ ಹಂಚಿಕೆ ಪತ್ರದ ಹಿಂದೆ ದೊಡ್ಡ ಕೆಲಸವೊಂದು ಮುಗಿದಿರುತ್ತಿತ್ತು: ಭೂಸ್ವಾಧೀನ, ಹಕ್ಕುದಾರರ ತಕರಾರು, ರಸ್ತೆ, ಚರಂಡಿ, ಪಾರ್ಕಿನ ಜಾಗ. ಸೈಟು ಪಡೆದ ಗುಮಾಸ್ತರು ಮೂಲ ರೈತನ ವಂಶವೃಕ್ಷ ಹುಡುಕಿಕೊಂಡು ಅಲೆಯಬೇಕಿರಲಿಲ್ಲ.

ಆ ಕಾಲದಲ್ಲಿ ಎಲ್ಲವೂ ಸರಿಯಿತ್ತೆಂದು ಹೇಳಲಾಗದು. ವಶೀಲಿ ಇತ್ತು, ವಿಳಂಬ ಇತ್ತು. ಆದರೆ ಊರು ಬೆಳೆದ ವೇಗಕ್ಕೆ ಬಡಾವಣೆಗಳು ಬೆಳೆಯಲಿಲ್ಲ. ಅರ್ಕಾವತಿ ಬಡಾವಣೆಗೆ ಪ್ರಾಥಮಿಕ ಅಧಿಸೂಚನೆ ಹೊರಟದ್ದು 2003ರಲ್ಲಿ. ಎರಡು ದಶಕ ಕಳೆದರೂ ಅದರ ಜಗಳ ತೀರಲಿಲ್ಲ. ಶಿವರಾಮ ಕಾರಂತ ಬಡಾವಣೆಗೆ 2008ರಲ್ಲಿ ಅಧಿಸೂಚನೆಯಾಯಿತು, ಹೈಕೋರ್ಟಿನಲ್ಲಿ ಬಿದ್ದುಹೋಯಿತು, 2018ರಲ್ಲಿ ಸುಪ್ರೀಂ ಕೋರ್ಟಿನಿಂದ ಮತ್ತೆ ಜೀವ ಪಡೆಯಿತು. ನಡುವಿನ ವರ್ಷಗಳಲ್ಲಿ ಅಲ್ಲಿ ಜನ ಮನೆ ಕಟ್ಟಿಕೊಂಡಿದ್ದರು. ಅವುಗಳಲ್ಲಿ ಯಾವುದು ಉಳಿಯಬೇಕು ಎಂದು ನೋಡಲು ನಿವೃತ್ತ ನ್ಯಾಯಮೂರ್ತಿಯೊಬ್ಬರ ಸಮಿತಿಯೇ ಬೇಕಾಯಿತು.

ಹೀಗೆ ಸರದಿ ನಿಂತಲ್ಲಿಯೇ ನಿಂತಾಗ ಜನ ಊರಿನ ಅಂಚಿಗೆ ಹೋದರು. ಹೊಲಕ್ಕೆ ಸುಣ್ಣದ ಗೆರೆ ಎಳೆದು, ಇಪ್ಪತ್ತು ಅಡಿಯ ಮಣ್ಣುರಸ್ತೆ ಬಿಟ್ಟು, ನಾಲ್ಕು ಮೂಲೆಗೆ ಕಲ್ಲು ನೆಟ್ಟರೆ ಬಡಾವಣೆ ಸಿದ್ಧ. ಭೂಪರಿವರ್ತನೆಯಿಲ್ಲ, ನಕ್ಷೆಗೆ ಮಂಜೂರಾತಿಯಿಲ್ಲ. ಇವೇ ರೆವಿನ್ಯೂ ಸೈಟುಗಳು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಹಾಗೂ 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದಾಗ ಇಂಥ ಸೈಟುಗಳೂ ಮನೆಗಳೂ ಗುಡ್ಡೆಗುಡ್ಡೆಯಾಗಿ ನಗರದೊಳಗೆ ಬಂದವು. ಕೆಡವುವಂತಿಲ್ಲ, ಒಪ್ಪುವಂತಿಲ್ಲ, ತೆರಿಗೆಯನ್ನಂತೂ ಬಿಡುವಂತಿಲ್ಲ. ಇಂಥವಕ್ಕೆಂದು ಬೇರೆ ರಿಜಿಸ್ಟರ್ ಇಟ್ಟರು. ಜನ ಅದನ್ನು ಬಿ ಖಾತಾ ಎಂದರು. ಸಕ್ರಮ ಮಾಡುವ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. 2025ರಲ್ಲಿ ಪಾಲಿಕೆ ಐದಾಗಿ ಒಡೆದು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದ ಮೇಲೆ, ಶುಲ್ಕ ಕಟ್ಟಿಸಿಕೊಂಡು ಬಿ ಖಾತಾವನ್ನು ಎ ಮಾಡುವ ಇನ್ನೊಂದು ಪ್ರಯತ್ನ ಶುರುವಾಯಿತು.

"ಇವತ್ತು ಬಿ, ನಾಳೆ ಎ ಆಗುತ್ತೆ ಸರ್" ಎನ್ನುವ ಬ್ರೋಕರ್ ಮಾತಿನ ಹಿಂದಿರುವ ಕಥೆ ಇಷ್ಟು. ನಾಳೆ ಆಗಬಹುದು. ಆದರೆ ಅದಕ್ಕೆ ಹಣ ಕಟ್ಟುವವರು ಯಾರು, ಆಗದಿದ್ದರೆ ಏನು ಗತಿ, ಅಲ್ಲಿಯವರೆಗೆ ಯಾವ ಬ್ಯಾಂಕು ಎಷ್ಟು ಬಡ್ಡಿಗೆ ಸಾಲ ಕೊಡುತ್ತದೆ ಎಂಬುದನ್ನು ಇವತ್ತೇ ಬೆಲೆಯಲ್ಲಿ ಹಿಡಿಯಬೇಕು.

ಕಾಗದದ ಕಟ್ಟು

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ, ಫೋಟೊ ತೆಗೆಸಿಕೊಂಡು ಬಂದರೆ ಆಸ್ತಿ ನಮ್ಮದಾಯಿತು ಎಂಬ ನಂಬಿಕೆ ಬಲವಾಗಿದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಅಲ್ಲಿ ನೋಂದಣಿಯಾಗುವುದು ಪತ್ರ. ಮಾರುವವರಿಗೆ ಮಾರುವ ಹಕ್ಕು ಇತ್ತೇ ಎಂಬುದಕ್ಕೆ ಆ ಕಚೇರಿ ಜಾಮೀನು ನಿಲ್ಲುವುದಿಲ್ಲ. ಖಾತಾ ಕೂಡ ತೆರಿಗೆಯ ಲೆಕ್ಕವೇ ಹೊರತು ಒಡೆತನದ ಪತ್ರವಲ್ಲ. ಹಾಗಾಗಿ ಹಕ್ಕು ಎಂಬುದನ್ನು ಒಂದೇ ಹಾಳೆಯಲ್ಲಿ ತೋರಿಸಲು ಯಾರಿಗೂ ಆಗದು. ಮೂಲ ಪತ್ರದಿಂದ ಇಂದಿನವರೆಗೆ ಕೈಯಿಂದ ಕೈಗೆ ಹೇಗೆ ಬಂತು ಎಂಬ ಸರಪಳಿಯನ್ನು ಕೊಂಡಿ ಬಿಡದೆ ಜೋಡಿಸಿಕೊಳ್ಳಬೇಕು.

ಋಣಭಾರ ಪ್ರಮಾಣಪತ್ರ, ಎಲ್ಲರ ಬಾಯಲ್ಲಿ ಇಸಿ, ಇದರ ಬೆನ್ನೆಲುಬು. ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಮನೆಯಲ್ಲೇ ಕೂತು ಸಿಗುತ್ತದೆ. ಅದಕ್ಕೂ ಹಿಂದಿನದು ಬೇಕಾದರೆ ಕಚೇರಿಗೆ ಅರ್ಜಿ ಹಾಕಬೇಕು. ವ್ಯವಹಾರವಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. "ನಿಲ್ ಇಸಿ ಇದೆ" ಎಂದು ಹಿಗ್ಗುವ ಮೊದಲು, ಸರ್ವೆ ನಂಬರು, ಚಕ್ಕುಬಂದಿ ಸರಿಯಾಗಿ ಕೊಟ್ಟೇ ಹುಡುಕಿಸಿದರೇ ಎಂದು ನೋಡಬೇಕು. ನಂಬರಿನಲ್ಲಿ ಒಂದು ಬಟಾ ತಪ್ಪಿದರೂ ಇಸಿ ಖಾಲಿಯಾಗಿಯೇ ಬರುತ್ತದೆ.

ಸರಪಳಿ ಹೆಚ್ಚಾಗಿ ಕಡಿಯುವುದು ಮನೆಮಂದಿಯ ನಡುವೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಪಾಲು ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳನ್ನೂ ಗಂಡುಮಕ್ಕಳಿಗೆ ಸಮನಾಗಿ ನಿಲ್ಲಿಸಿತು. ಆ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಹಳೆಯ ಕ್ರಯಪತ್ರಗಳಲ್ಲಿ ಅಣ್ಣತಮ್ಮಂದಿರ ಸಹಿ ಮಾತ್ರ ಇರುತ್ತದೆ. "ಅಕ್ಕ ಮದುವೆಯಾಗಿ ಹೋದರು, ಅವರದೇನೂ ತಕರಾರಿಲ್ಲ" ಎಂಬ ಮಾತು ಕೇಳಿದರೆ ಆ ಅಕ್ಕನ ಸಹಿಯನ್ನೇ ಕೇಳಬೇಕು. ವಂಶವೃಕ್ಷ ತರಿಸಿ, ಅದರಲ್ಲಿರುವ ಹೆಸರು ಒಂದೊಂದನ್ನೂ ಪತ್ರದ ಸಹಿಗಳ ಜೊತೆ ಹೋಲಿಸಿ ನೋಡಬೇಕು.

ಇನ್ನೊಂದು ಮುಖ್ಯ ಪ್ರಶ್ನೆ, ಜಮೀನು ಮೊದಲು ಯಾರಿಗೆ ಮಂಜೂರಾಗಿತ್ತು ಎಂಬುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಅನುಮತಿಯಿಲ್ಲದೆ ಮಾರುವುದನ್ನು 1978ರ ಪಿಟಿಸಿಎಲ್ ಕಾಯ್ದೆ ತಡೆಯುತ್ತದೆ. 2023ರ ತಿದ್ದುಪಡಿಯ ಮೇಲೆ, ಹಿಂದಕ್ಕೆ ಕೇಳಲು ಕಾಲಮಿತಿಯ ಅಡ್ಡಿಯೂ ಇಲ್ಲವೆಂದಾಯಿತು. ಭೂಮಿ ಕಳೆದುಕೊಂಡ ಬಡವರ ಪರ ಇರುವ ಕಾನೂನು ಇದು, ಇರಬೇಕಾದದ್ದೇ. ನಡುವೆ ಸೈಟು ಮಾಡಿ ಮಾರಿದವನು ಹಣ ಎಣಿಸಿಕೊಂಡು ಹೋಗಿರುತ್ತಾನೆ. ಕೊನೆಯಲ್ಲಿ ಕೊಂಡವರು ಉಪವಿಭಾಗಾಧಿಕಾರಿಯ (ಎಸಿ) ಕೋರ್ಟಿನ ಮುಂದೆ ನಿಲ್ಲುತ್ತಾರೆ.

ಜಿಪಿಎ ಮೇಲೆ ಮಾರುವ ಚಾಳಿಯೂ ಪೂರ್ತಿ ಹೋಗಿಲ್ಲ. ಜನರಲ್ ಪವರ್ ಆಫ್ ಅಟಾರ್ನಿಯೊಂದರಿಂದಲೇ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ. 2024ರ ಕೊನೆಯಲ್ಲಿ ನೋಂದಣಿಗೆ ಇ-ಖಾತಾ ಕಡ್ಡಾಯವಾದಾಗ ಜನ ಸಾಲಿನಲ್ಲಿ ನಿಂತು ಗೊಣಗಿದರು. ಗೊಣಗಾಟಕ್ಕೆ ಕಾರಣಗಳಿದ್ದವು. ಆದರೆ ಒಂದೇ ಸೈಟನ್ನು ಇಬ್ಬರಿಗೆ ಮಾರುವವರಿಗೆ ಅದರಿಂದ ಒಂದಿಷ್ಟು ತಡೆ ಬಿತ್ತು.

ಗಾಳಿಯಲ್ಲಿರುವ ಚದರಡಿ

ಇಷ್ಟೆಲ್ಲ ತಲೆನೋವು ಬೇಡವೆಂದೇ ಬಹಳ ಜನ ಫ್ಲ್ಯಾಟಿನ ಕಡೆಗೆ ಹೊರಳುತ್ತಾರೆ. ತಲೆನೋವು ಅಲ್ಲಿಯೂ ಇದೆ, ಬ್ರೋಷರಿನೊಳಗೆ ಮಡಿಸಿಟ್ಟಿರುತ್ತದೆ ಅಷ್ಟೆ. ಲೆಕ್ಕ ನೋಡಿ. ಚದರಡಿಗೆ ₹7,000 ದರದಲ್ಲಿ 1,200 ಚದರಡಿಯ ಫ್ಲ್ಯಾಟು ಎಂದರೆ ₹84 ಲಕ್ಷ. ಈ 1,200 ಎಂಬುದು ಸೂಪರ್ ಬಿಲ್ಟಪ್: ಗೋಡೆ, ಲಿಫ್ಟು, ಮೆಟ್ಟಿಲು, ಕ್ಲಬ್ ಹೌಸು ಎಲ್ಲದರ ಪಾಲೂ ಅದರಲ್ಲಿ ಸೇರಿದೆ. ಅದರಲ್ಲಿ ಶೇ 30 ಹೀಗೆ ಹೋದರೆ ಒಳಗೆ ಚಾಪೆ ಹಾಸಲು ಸಿಗುವ ಕಾರ್ಪೆಟ್ ಏರಿಯಾ 840 ಚದರಡಿ. ಆಗ ನಿಜವಾದ ದರ ಚದರಡಿಗೆ ₹10,000. ಎರಡು ಫ್ಲ್ಯಾಟುಗಳನ್ನು ಹೋಲಿಸಬೇಕಾದರೆ ಈ ದರವನ್ನೇ ಹೋಲಿಸಬೇಕು. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಕೂಡ ಕಾರ್ಪೆಟ್ ಏರಿಯಾವನ್ನೇ ಅಳತೆಗೋಲು ಮಾಡಿದೆ. ಅದರ ಜೊತೆಗೆ ಯುಡಿಎಸ್, ಅಂದರೆ ನೆಲದಲ್ಲಿ ನಮಗೆ ಬರುವ ಅವಿಭಜಿತ ಪಾಲು ಎಷ್ಟೆಂದು ಕೇಳಬೇಕು. ಕಟ್ಟಡ ಹಳೆಯದಾಗುತ್ತ ಬೆಲೆ ಕಳೆದುಕೊಳ್ಳುತ್ತದೆ. ಬೆಲೆ ಏರುವುದು ನೆಲಕ್ಕೆ.

2016ರ ರೇರಾ ಕಾಯ್ದೆ ಕೊಳ್ಳುವವರ ಕೈಗೆ ಕೊಟ್ಟ ಹಕ್ಕುಗಳು ಚಿಕ್ಕವೇನಲ್ಲ. 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಗೆ ನೋಂದಣಿ ಬೇಕು. ನೋಂದಣಿಗೆ ಮೊದಲು ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. ಅಂದಮೇಲೆ "ಪ್ರೀ ಲಾಂಚ್ ಆಫರ್" ಎಂಬ ಮಾತೇ ಅನುಮಾನಕ್ಕೆ ಕಾರಣ. ನೋಂದಾಯಿತ ಕರಾರು ಇಲ್ಲದೆ ಶೇ 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ. ಕೊಳ್ಳುವವರಿಂದ ಬಂದ ಹಣದ ಶೇ 70 ಬೇರೆ ಖಾತೆಯಲ್ಲಿದ್ದು, ಆ ಯೋಜನೆಯ ಜಾಗಕ್ಕೂ ಕಟ್ಟಡಕ್ಕೂ ಮಾತ್ರ ಖರ್ಚಾಗಬೇಕು. ಕಟ್ಟಡದಲ್ಲಿ ದೋಷ ಕಂಡರೆ ಐದು ವರ್ಷ ಬಿಲ್ಡರನ ಹೊಣೆ. ಕಾನೂನಿನ ಬಲ ಇಲ್ಲಿಯವರೆಗೆ ಗಟ್ಟಿ. ಆದೇಶ ಬಂದ ಮೇಲೆ ಬಿಲ್ಡರನಿಂದ ಹಣ ವಸೂಲಿ ಮಾಡುವ ಹಂತದಲ್ಲಿ ಅದು ಸೊರಗುತ್ತದೆ. ಆದ್ದರಿಂದ ಬುಕಿಂಗಿಗೆ ಮುಂಚೆ ಕೆ-ರೇರಾ ಜಾಲತಾಣದಲ್ಲಿ ಅದೇ ಬಿಲ್ಡರನ ಹಿಂದಿನ ಯೋಜನೆಗಳನ್ನು ತೆರೆದು, ಹೇಳಿದ ದಿನಾಂಕ, ಮುಗಿದ ದಿನಾಂಕ, ಬಂದ ದೂರು ಇವನ್ನು ಓದುವುದು ಸಣ್ಣ ಶ್ರಮ, ದೊಡ್ಡ ಉಳಿತಾಯ.

ಓಸಿ, ಅಂದರೆ ಸ್ವಾಧೀನಾನುಭವ ಪತ್ರವನ್ನು "ಆಮೇಲೆ ಬರುತ್ತೆ" ಎಂದು ಬಿಟ್ಟು ಮನೆ ಹೊಕ್ಕವರು ಈ ನಗರದಲ್ಲಿ ಅಸಂಖ್ಯ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಓಸಿ ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದ ಮೇಲೆ ಗೃಹಪ್ರವೇಶದ ದಿನ ಗೊತ್ತುಮಾಡಿಕೊಂಡಿದ್ದವರೂ ಮೀಟರಿಗಾಗಿ ಕಾಯುವಂತಾಯಿತು. 1,200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ರಾಜ್ಯ ಸರ್ಕಾರ 2025ರಲ್ಲಿ ವಿನಾಯಿತಿ ಕೊಟ್ಟಿತು. ದೊಡ್ಡ ಅಪಾರ್ಟ್‌ಮೆಂಟಿಗೆ ಅದು ಅನ್ವಯಿಸದು.

ಜೇಬಿನಿಂದ ಎಷ್ಟು?

ಅದೇ ₹84 ಲಕ್ಷದ ಫ್ಲ್ಯಾಟನ್ನು ಮುಂದಿಟ್ಟುಕೊಳ್ಳೋಣ. ರಿಸರ್ವ್ ಬ್ಯಾಂಕ್ ನಿಯಮದಂತೆ ₹30 ಲಕ್ಷದಿಂದ ₹75 ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ 80ರ ಮಿತಿ. ಅಂದರೆ ಹೆಚ್ಚೆಂದರೆ ₹67.2 ಲಕ್ಷ, ಉಳಿದ ₹16.8 ಲಕ್ಷ ಕೈಯಿಂದ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರ ಬದಲು ಶೇ 2. ಎರಡೂ ಸೇರಿ ಸುಮಾರು ₹6.4 ಲಕ್ಷ. ಇದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಮನೆ ಇನ್ನೂ ಕಟ್ಟುತ್ತಿದ್ದರೆ ಶೇ 5 ಜಿಎಸ್‌ಟಿ, ₹4.2 ಲಕ್ಷ. ಒಟ್ಟು ₹27 ಲಕ್ಷ ದಾಟಿತು. ಕಾರ್ ಪಾರ್ಕಿಂಗು, ಕಾರ್ಪಸ್ ನಿಧಿ, ಮರದ ಕೆಲಸ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಸಾಲದ ಕಡೆ ನೋಡಿದರೆ, ಶೇ 8.5 ಬಡ್ಡಿಗೆ 20 ವರ್ಷಕ್ಕೆ ತಿಂಗಳಿಗೆ ಸುಮಾರು ₹58,300 ಕಂತು. ಕೊನೆಗೆ ಬ್ಯಾಂಕಿಗೆ ಕಟ್ಟಿದ್ದು ₹1.4 ಕೋಟಿಯ ಆಸುಪಾಸು. ಬಡ್ಡಿಯೂ ನಿಂತಲ್ಲಿ ನಿಲ್ಲದು. 2022ರ ಮೇನಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ ಶೇ 4ರಿಂದ 6.5ಕ್ಕೆ ಏರಿದಾಗ, ಕಂತು ಏರಿಸದೆ ವರ್ಷಗಳನ್ನು ಏರಿಸಿದ ಬ್ಯಾಂಕುಗಳಿಂದಾಗಿ, ನಿವೃತ್ತಿಯ ಆಚೆಗೂ ಸಾಲ ಚಾಚಿಕೊಂಡದ್ದು ಅನೇಕರಿಗೆ ತಡವಾಗಿ ಗೊತ್ತಾಯಿತು. 2025ರಲ್ಲಿ ದರ ಇಳಿಯತೊಡಗಿತು. ಇಳಿದದ್ದು ನಮ್ಮ ಸಾಲಕ್ಕೂ ತಟ್ಟಿತೇ ಎಂದು ಬ್ಯಾಂಕನ್ನು ಕೇಳುವುದು ನಮ್ಮ ಕೆಲಸ.

ಈ ₹27 ಲಕ್ಷ ಎಲ್ಲಿಂದ ಬರುತ್ತದೆ? ಹಾಸನದ ಕಡೆಯ ಎರಡು ಎಕರೆ, ಅಮ್ಮನ ಒಡವೆ, ಪಿಎಫ್, ಭಾವನ ಕೈಸಾಲ. ಬೆಂಗಳೂರಿನ ಒಂದೊಂದು ಫ್ಲ್ಯಾಟಿನ ಅಡಿಯಲ್ಲೂ ಯಾವುದೋ ಊರಿನ ತೋಟವೋ ಗದ್ದೆಯೋ ಇದೆ ಎಂದರೆ ಉತ್ಪ್ರೇಕ್ಷೆಯಾಗದು. ಆ ನೆಲವನ್ನು ಮಾರಿದ ಹಣ ಬಿ ಖಾತಾದ ಮೇಲೆ, ಓಸಿ ಇಲ್ಲದ ಗೋಪುರದ ಮೇಲೆ ಕೂತರೆ ನಷ್ಟ ಎರಡು ತಲೆಮಾರಿನದು.

ಹಳೆಯ ಮನೆ ಕೊಳ್ಳುವವರ ಮುಂದೆ "ವೈಟ್ ಎಷ್ಟು, ಬ್ಲ್ಯಾಕ್ ಎಷ್ಟು" ಎಂಬ ಪ್ರಶ್ನೆ ಈಗಲೂ ಬರುತ್ತದೆ. 2023ರ ಅಕ್ಟೋಬರಿನಲ್ಲಿ ಸರ್ಕಾರದ ಮಾರ್ಗಸೂಚಿ ದರ ಏರಿದ ಮೇಲೆ ಅದಕ್ಕೂ ಮಾರುಕಟ್ಟೆ ಬೆಲೆಗೂ ಇದ್ದ ಅಂತರ ಹಲವು ಕಡೆ ಕಿರಿದಾಗಿದೆ. ಆದರೂ ಒಪ್ಪಿಕೊಂಡರೆ ಕಾನೂನು ಮುರಿದಂತೆ, ಕಿಸೆಗೂ ಪೆಟ್ಟು: ಸಾಲ ಸಿಗುವುದು ಪತ್ರದಲ್ಲಿರುವ ಬೆಲೆಗೆ ಮಾತ್ರ, ನಾಳೆ ಮಾರುವಾಗ ಲಾಭವೆಂದು ತೆರಿಗೆ ಬೀಳುವುದು ನಮ್ಮ ತಲೆಗೆ. ₹50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಖರೀದಿಯಲ್ಲಿ ಶೇ 1 ಟಿಡಿಎಸ್ ಮುರಿದು ಕಟ್ಟುವ ಹೊಣೆಯೂ ಕೊಳ್ಳುವವರದೇ.

ನೀರು ಹರಿದ ದಾರಿ

ಪತ್ರ ಸರಿಯಿದ್ದರೂ ನೆಲ ಸರಿಯಿರಬೇಕಲ್ಲ. 2016ರ ಆಗಸ್ಟಿನಲ್ಲಿ ರಾಜಕಾಲುವೆ ಒತ್ತುವರಿಯೆಂದು ಮನೆಗಳನ್ನು ಕೆಡವಿದಾಗ, ಹಾಗೆ ಮನೆ ಕಳೆದುಕೊಂಡ ಕೆಲವರ ಕೈಯಲ್ಲಿ ಮಂಜೂರಾದ ನಕ್ಷೆಯೂ ತೆರಿಗೆ ರಸೀದಿಯೂ ಇದ್ದವು. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕೋಟಿ ಬೆಲೆಯ ಮನೆಗಳಿಂದ ಜನ ದೋಣಿ, ಟ್ರ್ಯಾಕ್ಟರ್ ಹತ್ತಿ ಹೊರಬಂದರು. ಕೆರೆಯಿಂದ ಕೆರೆಗೆ ನೀರು ಹರಿಯುತ್ತಿದ್ದ ದಾರಿಯನ್ನು ಕಾಂಪೌಂಡು ಕಟ್ಟಿ ಮುಚ್ಚಿದ್ದರ ಫಲ ಅದು. 'ಪರಿಷ್ಕೃತ ಮಹಾಯೋಜನೆ–2015' ಕಾಲುವೆಯ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಬಿಡಬೇಕೆಂದಿತ್ತು. ಸರ್ಕಾರದ 'ದಿಶಾಂಕ್' ಆ್ಯಪ್ ತೆರೆದು ಸೈಟಿನ ಮೇಲೆ ನಿಂತರೆ ಯಾವ ಸರ್ವೆ ನಂಬರಿನಲ್ಲಿದ್ದೀರಿ, ಸುತ್ತ ಕೆರೆಯೋ ಕಾಲುವೆಯೋ ಸರ್ಕಾರಿ ಜಾಗವೋ ಇದೆಯೇ ಎಂದು ಫೋನಿನಲ್ಲೇ ಕಾಣುತ್ತದೆ. ಮಾಡೆಲ್ ಫ್ಲ್ಯಾಟು ನೋಡಲು ಹೋದವರು ಐದು ನಿಮಿಷ ಇದಕ್ಕೂ ಕೊಡಬೇಕು.

ಇನ್ನು ಕುಡಿಯುವ ನೀರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಟ್ಯಾಂಕರಿನವರ ಬೆಲೆಗೆ ಸರ್ಕಾರವೇ ಮಿತಿ ಹಾಕಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ದಿನಕ್ಕೆ 77.5 ಕೋಟಿ ಲೀಟರಿನ ಕಾವೇರಿ ಐದನೇ ಹಂತ 110 ಹಳ್ಳಿಗಳಿಗೆಂದು ಶುರುವಾಯಿತು. ಕೊಳವೆ ಬೀದಿಗೆ ಬಂದಿದೆ ಎಂದರೆ ನೀರು ನಮ್ಮ ಸಂಪಿಗೆ ಬರುತ್ತಿದೆ ಎಂದು ಅರ್ಥವಲ್ಲ. ಅಪಾರ್ಟ್‌ಮೆಂಟ್ ಸಂಘದ ಏಪ್ರಿಲ್ ತಿಂಗಳ ಟ್ಯಾಂಕರ್ ಬಿಲ್ಲು ಕೇಳಿ. ಬ್ರೋಷರು ಮುಚ್ಚಿಟ್ಟದ್ದನ್ನು ಅದು ಹೇಳಿಬಿಡುತ್ತದೆ. ಈ ಕಾರಣಕ್ಕೇ ಹತ್ತು–ಹದಿನೈದು ವರ್ಷದ ಹಳೆಯ ಫ್ಲ್ಯಾಟುಗಳನ್ನು ತಳ್ಳಿಹಾಕಬಾರದು. ಓಸಿ ಇದೆಯೋ ಇಲ್ಲವೋ ಗೊತ್ತಾಗಿರುತ್ತದೆ, ಗೋಡೆ ಸೋರುತ್ತದೆಯೋ ಇಲ್ಲವೋ ಕಾಣುತ್ತದೆ, ಪಕ್ಕದ ಮನೆಯವರನ್ನು ಕೇಳಬಹುದು, ಜಿಎಸ್‌ಟಿ ಇಲ್ಲ.

ಬೇಡ ಎನ್ನುವ ಶಕ್ತಿ

ಬಾಡಿಗೆ ಮನೆಯಲ್ಲಿ ಇರುವುದನ್ನು ನಮ್ಮಲ್ಲಿ ಸೋಲೆಂದು ನೋಡುವವರಿದ್ದಾರೆ. ಹೆಣ್ಣು ಕೊಡುವ ಮನೆಯವರೂ ಮೊದಲು ಕೇಳುವುದು ಸ್ವಂತ ಮನೆಯಿದೆಯೇ ಎಂದು. ಆದರೆ ಕಂತಿನ ಅರ್ಧದಷ್ಟು ಬಾಡಿಗೆಗೆ ಅಂಥದೇ ಮನೆ ಸಿಗುವ ಕಡೆ, ಉಳಿದ ಅರ್ಧವನ್ನು ತಿಂಗಳು ತಪ್ಪದೆ ಕೂಡಿಡುವವರು ಅವಸರದಲ್ಲಿ ಕೊಂಡವರಿಗಿಂತ ಮುಂದಿರಬಹುದು. ಬಾಡಿಗೆಯಲ್ಲಿರುವ ವರ್ಷಗಳು ಮನೆ ಕೊಳ್ಳುವವರಿಗೆ ಚೌಕಾಸಿಯ ಬಲ ಕೊಡುತ್ತವೆ. ಬರುವ ತಿಂಗಳು ಮನೆ ಖಾಲಿ ಮಾಡಬೇಕಾದವರ ಮುಂದೆ ಮಾರುವವರ ಬಿಗಿ ಹೆಚ್ಚು. ಇನ್ನೊಂದು ವರ್ಷ ಕಾಯಬಲ್ಲವರ ಮುಂದೆ ಸಡಿಲ.

ಬೇಡಿಕೆ ಏರಿದಾಗಲೆಲ್ಲ ಇನ್ನಷ್ಟು ಗೋಪುರ ಕಟ್ಟಿದರೆ ಸಾಕೆಂಬ ಮಾತು ಕೇಳುತ್ತದೆ. ಎಷ್ಟು ಕಟ್ಟಿದರೂ ಹಕ್ಕಿನ ಪರಿಶೀಲನೆ ಒಂದೊಂದು ಮನೆಯವರ ತಲೆಯ ಮೇಲೆಯೇ ಇರುವವರೆಗೆ ಒಳ್ಳೆಯ ಮನೆ ಅಪರೂಪವಾಗಿಯೇ ಇರುತ್ತದೆ. ಭೂಮಿಯ ಹಕ್ಕಿಗೆ ಸರ್ಕಾರವೇ ಖಾತರಿ ನಿಲ್ಲುವ ವ್ಯವಸ್ಥೆ, ಕಾಲಕ್ಕೆ ಸರಿಯಾಗಿ ಮುಗಿಯುವ ಸಾರ್ವಜನಿಕ ಬಡಾವಣೆಗಳು, ವಸೂಲಿಯವರೆಗೆ ಕೈಹಿಡಿಯುವ ರೇರಾ ಇವು ಬಂದರೆ ಸೇಲ್ಸ್ ಹುಡುಗನ "ಇವತ್ತು ಸಂಜೆವರೆಗೆ" ಎಂಬ ಮಾತಿಗೆ ತೂಕ ಉಳಿಯದು.

ಅವು ಬರುವವರೆಗೆ ಮಾಡಬಹುದಾದದ್ದು ಇಷ್ಟೇ. ಬಿಲ್ಡರೋ ಬ್ರೋಕರೋ ತೋರಿಸಿದ ವಕೀಲರನ್ನು ಬಿಟ್ಟು ನಾವೇ ಗೊತ್ತುಮಾಡಿದ ವಕೀಲರಿಂದ ಲಿಖಿತ ಅಭಿಪ್ರಾಯ ಪಡೆಯುವುದು. ಬ್ಯಾಂಕು ಸಾಲ ಒಪ್ಪಿದೆ ಎಂಬುದನ್ನೇ ಸಾಕ್ಷಿಯೆಂದು ತಿಳಿಯದಿರುವುದು. ಬ್ಯಾಂಕಿಗೆ ನಮ್ಮ ಸಂಬಳದ ಆಧಾರವೂ ಇರುತ್ತದೆ. ಟೋಕನ್ ಕೊಡಲೇಬೇಕಾದರೆ ಚೆಕ್ಕಿನಲ್ಲಿ ಕೊಟ್ಟು, "ದಾಖಲೆ ಸರಿಯಿಲ್ಲದಿದ್ದರೆ ಪೂರ್ತಿ ವಾಪಸ್" ಎಂಬ ಸಾಲನ್ನು ರಸೀದಿಯಲ್ಲಿ ಬರೆಸುವುದು. ಈ ಒಂದು ಸಾಲು ಬರೆಯಲು ಹಿಂದೆಮುಂದೆ ನೋಡುವವರ ಮನೆ ಎಷ್ಟು ಚೆಂದವಿದ್ದರೂ, "ಹಾಗಾದರೆ ಆ ಇನ್ನೊಂದು ಫ್ಯಾಮಿಲಿಗೇ ಕೊಡಿ" ಎಂದು ಎದ್ದು ಬರಬಹುದು.